ಬೊರಿವಲಿ ಕಾಡಿಗೆ ಆಯಿಯನ್ನು ಕರೆದುಕೊಂಡು ಹೋಗಬಹುದಾ?

ಕಾನಮನೆ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೆಸರು ನೋಡಿ ನಗಬೇಡಿ. ಇಟ್ಟುಕೊಂಡಾಗ ಹುಡುಗಿಯೇ ಇದ್ದೆ, ಈಗ ನಲವತ್ತಾರು.

ನನ್ನ ಆಯಿ, ಅಂದರೆ ಅಮ್ಮ, ಶಿರಸಿಯಿಂದ ಬಂದು ಮೂರು ವಾರ ಆಯಿತು. ಅವಳಿಗೆ ಅರವತ್ತೊಂಬತ್ತು. ಹಳ್ಳಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಿಯಾದವಳು. ನಾವಿರುವುದು ಮುಂಬಯಿಯ ಕಾಂದಿವಲಿ ಪೂರ್ವದ ಠಾಕೂರ್ ವಿಲೇಜಿನಲ್ಲಿ, ಹದಿನಾಲ್ಕನೆಯ ಮಹಡಿ. ಅಡುಗೆಮನೆಯ ಕಿಟಕಿಯಿಂದ ಬೊರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನ ಗುಡ್ಡ ಕಾಣುತ್ತದೆ. ಆಯಿ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಅಲ್ಲೇ ನಿಲ್ಲುತ್ತಾಳೆ. ಧಾರಾವಾಹಿ ಬೇಡ, ಮಾಲ್ ಬೇಡ, ಸಿದ್ಧಿವಿನಾಯಕನ ದರ್ಶನ ಒಂದು ಸಲಕ್ಕೆ ಸಾಕಾಯಿತು. ಮೊನ್ನೆ ಇದ್ದಕ್ಕಿದ್ದ ಹಾಗೆ ಕೇಳಿದಳು: "ಕೂಸೇ, ಅದು ಹುಟ್ಟಿದ ಕಾಡೋ, ನೆಟ್ಟ ಕಾಡೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಕಾಡಿನ ಬೆನ್ನಿಗೇ ಮನೆ ಮಾಡಿಕೊಂಡಿದ್ದೇನೆ. ಮಗ ಚಿಕ್ಕವನಿದ್ದಾಗ ಎರಡು ಸಲ ಪುಟಾಣಿ ರೈಲು ಹತ್ತಿಸಿದ್ದು ಬಿಟ್ಟರೆ ಒಳಗೆ ಹೋದವಳಲ್ಲ. ನಾಚಿಕೆಯಾಯಿತು.

ಈಗ ಚಳಿ ಚೆನ್ನಾಗಿದೆ. ಬೆಳಿಗ್ಗೆ ಫ್ಯಾನ್ ಹಾಕದೆ ಮಲಗಬಹುದು, ಮುಂಬಯಿಗೆ ಅದೇ ಚಳಿಗಾಲ. ಇದು ಮುಗಿಯುವುದರೊಳಗೆ ಒಂದು ದಿನ ಆಯಿಯನ್ನು ಕಾಡಿನೊಳಗೆ ನಡೆಸಿಕೊಂಡು ಬರಬೇಕು ಅಂತ ಆಸೆ. ಆದರೆ ಅವಳ ಎಡ ಮೊಣಕಾಲು ಸ್ವಲ್ಪ ನೋವು. ಊರಿನಲ್ಲಿ ಬೆಟ್ಟ ಹತ್ತುತ್ತಾಳೆ, ಆದರೆ ಇಳಿದು ಬಂದ ಮೇಲೆ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ. ಎಷ್ಟು ದೂರ ನಡೆಸಬಹುದು? ಡಾಂಬರು ರಸ್ತೆ ಅಲ್ಲದೆ ನಿಜವಾದ ಕಾಲುದಾರಿ ಏನಾದರೂ ಇದೆಯಾ? ಅವಳಿಗೆ ಶೂ ಅಂದರೆ ಆಗುವುದಿಲ್ಲ, ಹವಾಯಿ ಚಪ್ಪಲಿಯೇ ಸಾಕು ಅನ್ನುತ್ತಾಳೆ. ಅದು ನಡೆಯುತ್ತಾ? ಇನ್ನು ನನ್ನ ಗಂಡ ಒಂದೇ ಸಮನೆ ಚಿರತೆ ಚಿರತೆ ಅನ್ನುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ. ಗೂಗಲ್‌ನಲ್ಲಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಮಾತು.

ದಹಿಸರ್ ಮಾಮ ಬರೆದದ್ದು:

ತಂಗಿ, ಧಾರಾಳವಾಗಿ ಕರೆದುಕೊಂಡು ಹೋಗಿ. ನನಗೆ ಎಪ್ಪತ್ತೊಂದು. ಹದಿಮೂರನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವನು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವನು. ಈಗ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆ ಮಗನ ಕೈಯಲ್ಲಿದೆ. ನನಗೆ ವಾರಕ್ಕೆ ಮೂರು ದಿನ ಈ ಕಾಡೇ ಡ್ಯೂಟಿ.

ಮೊದಲು ದಿನದ ವಿಷಯ. ಸೋಮವಾರ ಪಾರ್ಕಿಗೆ ರಜೆ. ಪ್ರತಿ ವಾರ ಯಾರಾದರೂ ಒಬ್ಬರು ಬಾಗಿಲಿನ ತನಕ ಬಂದು ವಾಪಸ್ ಹೋಗುವುದನ್ನು ನೋಡುತ್ತೇನೆ. ಭಾನುವಾರ ತೆರೆದಿರುತ್ತದೆ, ಆದರೆ ಅದು ಕಾಡಲ್ಲ, ಜಾತ್ರೆ. ವಾರದ ನಡುವೆ ರಜೆ ಹಾಕಿ ಹೋಗಿ, ಇಲ್ಲವಾದರೆ ಶನಿವಾರ ಬೇಗ ಹೊರಡಿ. ಆಟೋಗೆ ದುಡ್ಡು ಕೊಡಬೇಡಿ. ನಿಮ್ಮ ಹತ್ತಿರದ ಪೊಯಿಸರ್‌ನಲ್ಲಿ ಮೆಟ್ರೋ ಹತ್ತಿದರೆ ಮೂರನೆಯ ಸ್ಟೇಷನ್ನೇ ರಾಷ್ಟ್ರೀಯ ಉದ್ಯಾನ.

ಗೇಟಿನಿಂದ ಒಳಗಿನ ಕನ್ಹೇರಿ ಬೌದ್ಧ ಗುಹೆಗಳ ತನಕ ಡಾಂಬರು ರಸ್ತೆ, ಸುಮಾರು ಆರು ಕಿಲೋಮೀಟರ್. ಎರಡೂ ಕಡೆ ಮರ, ನೆರಳು ಇದೆ. ಕೊನೆಯ ಭಾಗ ಮಾತ್ರ ಏರು. ಇಲ್ಲಿ ಒಂದು ಮಾತು. ಎಲ್ಲರೂ ಬಸ್ಸಿನಲ್ಲಿ ಮೇಲೆ ಹೋಗಿ, "ಇಳಿಜಾರು ತಾನೇ" ಅಂತ ಬರುವಾಗ ನಡೆಯುತ್ತಾರೆ. ಮೊಣಕಾಲು ನೋವಿದ್ದವರು ಇದನ್ನು ಉಲ್ಟಾ ಮಾಡಬೇಕು. ಏರುವಾಗ ಬರುವುದು ಏದುಸಿರು. ಐದು ನಿಮಿಷ ಕೂತರೆ ಹೋಗುತ್ತದೆ. ಇಳಿಯುವಾಗ ಭಾರವೆಲ್ಲ ಮೊಣಕಾಲಿಗೆ, ಅದು ಮೂರು ದಿನ ಬಿಡುವುದಿಲ್ಲ. ಆದ್ದರಿಂದ ಹೋಗುವಾಗ ನಡೆಯಿರಿ, ಬರುವಾಗ ಬಸ್ ಹತ್ತಿ.

ಕಾಲುದಾರಿಯೇ ಬೇಕೆಂದರೆ ಶಿಲೋಂಡಾ. ದಹಿಸರ್ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಈ ಹೊಳೆ ತುಳಸಿ ಕೆರೆಯ ಕಡೆಯಿಂದ ಬರುತ್ತದೆ. ನಮ್ಮ ದಹಿಸರಿಗೆ ಮುಟ್ಟುವಷ್ಟರಲ್ಲಿ ಚರಂಡಿಯಾಗಿರುತ್ತದೆ, ಒಳಗೆ ನೋಡಿದರೆ ಅದೇ ಹೊಳೆ ಅಂತ ನಂಬುವುದು ಕಷ್ಟ. ಶಿಲೋಂಡಾಕ್ಕೆ ಸುಮ್ನೆ ನುಗ್ಗುವ ಹಾಗಿಲ್ಲ. ಪಾರ್ಕಿನ ನೇಚರ್ ಇನ್ಫರ್ಮೇಷನ್ ಸೆಂಟರಿನಲ್ಲಿ ಮೊದಲೇ ಕೇಳಿ, ಅನುಮತಿ ತೆಗೆದುಕೊಂಡು, ಗೈಡ್ ಜೊತೆಗೆ ಹೋಗಬೇಕು. ದಾರಿ ಬಹಳ ಏರಿಲ್ಲ, ಆದರೆ ಒಂದೆರಡು ಕಡೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು.

ಹವಾಯಿ ಚಪ್ಪಲಿ ಬೇಡವೇ ಬೇಡ. ಮಳೆಗಾಲದಲ್ಲಿ ಜಾರುವುದು ಪಾಚಿ. ಚಳಿಗಾಲದಲ್ಲಿ ಜಾರುವುದು ಒಣ ಮಣ್ಣಿನ ಮೇಲಿನ ಸಣ್ಣ ಹರಳು, ಅದರ ಮೇಲೆ ಒಣ ಎಲೆ. ಬೆರಳಿನ ಹಿಡಿತ ಇರುವುದಿಲ್ಲ. ಅಮ್ಮನಿಗೆ ದೊಡ್ಡ ಶೂ ಬೇಡ, ಮಕ್ಕಳು ಪೀಟಿಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ಸಾಕು.

ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ. ಗೇಟಿನಲ್ಲಿ ಬಿಡುವುದಿಲ್ಲ, ಒಳಗೆ ಮಂಗಗಳೂ ಬಿಡುವುದಿಲ್ಲ. ಕೈಯಲ್ಲಿ ತೊಟ್ಟೆ ಕಂಡರೆ ಅದು ತಮ್ಮದೇ ಅಂತ ಲೆಕ್ಕ.

ಪುಣೆ ಪಾಂಡು ಬರೆದದ್ದು:

ಚಳಿಗಾಲದಲ್ಲಿ ನಡೆಯುವ ಆಸೆ ಇದ್ದರೆ ಮುಂಬಯಿ ಯಾಕೆ? ಆಯಿಯನ್ನು ಪುಣೆಗೆ ಕರೆದುಕೊಂಡು ಬನ್ನಿ. ವೇತಾಳ ಟೇಕಡಿ ಅನ್ನುವ ಗುಡ್ಡ ಇದೆ, ಊರಿನ ನಡುವೆಯೇ. ಬೆಳಿಗ್ಗೆ ಆರಕ್ಕೆ ಹತ್ತಿದರೆ ನವಿಲಿನ ಕೂಗು, ಬಾಯಿಂದ ಹೊಗೆ ಬರುವಂಥ ಚಳಿ. ನಿಮ್ಮದು ಫ್ಯಾನ್ ಆಫ್ ಮಾಡುವ ಚಳಿ ಅಷ್ಟೇ ಅಲ್ವಾ.

ಒಂದು ಒಪ್ಪಿಕೊಳ್ಳಬೇಕು. ನಮ್ಮ ಟೇಕಡಿಯಲ್ಲಿ ಅರಣ್ಯ ಇಲಾಖೆ ನೆಟ್ಟ ಗ್ಲಿರಿಸಿಡಿಯಾ ಮರಗಳೇ ಜಾಸ್ತಿ. "ನೆಟ್ಟ ಕಾಡೋ" ಅಂತ ಆಯಿ ಕೇಳಿದರೆ ನಾನು ಸಿಕ್ಕಿಬೀಳುತ್ತೇನೆ.

ದಹಿಸರ್ ಮಾಮ ಬರೆದದ್ದು:

ಪಾಂಡು, ನಮ್ಮ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು 7.4 ಡಿಗ್ರಿ ಇತ್ತು. ನಮಗೂ ಚಳಿ ಗೊತ್ತು, ದಿನಾ ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಶಾಸನದ ಹುಚ್ಚ ಬರೆದದ್ದು:

ಕನ್ಹೇರಿಗೆ ಹೋಗುವುದಾದರೆ, ಅದರಲ್ಲೂ ಕನ್ನಡ ಟೀಚರ್ ಒಬ್ಬರನ್ನು ಕರೆದುಕೊಂಡು ಹೋಗುವುದಾದರೆ, ದಯವಿಟ್ಟು ಮೂರನೆಯ ಗುಹೆಯ ಎರಡು ದೊಡ್ಡ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದುಬಿಡಬೇಡಿ. ಎಲ್ಲರೂ ಹಾಗೇ ಮಾಡುತ್ತಾರೆ. ಅಲ್ಲಿಂದ ಹನ್ನೊಂದನೆಯ ಗುಹೆಗೆ ಹೋಗಿ, ದರ್ಬಾರ್ ಗುಹೆ ಅನ್ನುತ್ತಾರೆ. ಅದರಲ್ಲಿ ಶಕ 775ರ, ಅಂದರೆ ಸುಮಾರು 853ನೇ ಇಸವಿಯ ಶಾಸನ ಇದೆ. ಅದರಲ್ಲಿ ಬರುವ ದೊರೆ ಯಾರು ಗೊತ್ತಾ? ಅಮೋಘವರ್ಷ. ನಮ್ಮ ನೃಪತುಂಗ! ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದವನು. ಈ ಕೊಂಕಣವನ್ನು ಅವನ ಕೈಕೆಳಗೆ ನೋಡಿಕೊಂಡಿದ್ದವರು ಶಿಲಾಹಾರರು. ಶಾಸನದ ಹೊತ್ತಿಗೆ ಅವರಲ್ಲಿ ಕಪರ್ದಿ ಎಂಬುವನು ಇದ್ದ.

ಶಾಸನದ ಭಾಷೆ ಕನ್ನಡ ಅಲ್ಲ, ಸಂಸ್ಕೃತ. ಹೋಗಿ ನಿರಾಸೆ ಆಗದಿರಲಿ ಅಂತ ಮೊದಲೇ ಹೇಳುತ್ತಿದ್ದೇನೆ. ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಒಬ್ಬ ಭಕ್ತ ಇಲ್ಲಿನ ಭಿಕ್ಷುಗಳಿಗೆ ದುಡ್ಡು ಇಟ್ಟಿದ್ದಾನೆ. ಅದರ ಬಡ್ಡಿಯಲ್ಲಿ ಏನೇನು ಮಾಡಬೇಕು ಅಂತಲೂ ಬರೆಸಿದ್ದಾನೆ. ರಿಪೇರಿ ಒಂದು. ಇನ್ನೊಂದು, ಪುಸ್ತಕ ಕೊಳ್ಳುವುದು. ಬಂಗಾಳದವನ ದುಡ್ಡು, ಕರ್ನಾಟಕದ ದೊರೆ, ಮುಂಬಯಿಯ ಗುಡ್ಡ, ಪುಸ್ತಕದ ಬಾಬ್ತು. ಈ ಊರು ಆಗಲೂ ಹೀಗೇ ಇತ್ತು ಅನ್ನಿಸುತ್ತದೆ.

ಇನ್ನೂ ಕಾಲು ಗಟ್ಟಿಯಿದ್ದರೆ 90ನೇ ಗುಹೆಯಲ್ಲಿ ಹಳೆಯ ಇರಾನಿನ ಪಹ್ಲವಿ ಲಿಪಿಯ ಬರಹಗಳಿವೆ. ಹನ್ನೊಂದನೇ ಶತಮಾನದ ಆರಂಭದಲ್ಲಿ ನೋಡಲು ಬಂದ ಪಾರ್ಸಿಗಳು ತಮ್ಮ ಹೆಸರು ಕೆತ್ತಿಸಿ ಹೋಗಿದ್ದಾರೆ. ಗೋಡೆ ಮೇಲೆ ಹೆಸರು ಬರೆಯುವ ಚಟ ಹೊಸದಲ್ಲ. ಆದರೆ ಅಷ್ಟು ಮೇಲೆ ಹತ್ತುವುದು ನಿಮ್ಮ ಆಯಿಗೆ ಬೇಡ.

ಗುಹೆಗಳಿಗೆ ಟಿಕೆಟ್ ಬೇರೆ. ಪಾರ್ಕಿನ ಟಿಕೆಟ್ ತೋರಿಸಿ ಜಗಳ ಮಾಡಬೇಡಿ. ನಾನು ಮಾಡಿದ್ದೇನೆ.

ಕಾನಮನೆ ಹುಡುಗಿ ಬರೆದದ್ದು:

ಅಯ್ಯೋ, ಇದನ್ನು ಆಯಿಗೆ ಓದಿ ಹೇಳಿದೆ. ಈಗ ಅವಳು ನಾಳೆಯೇ ಹೊರಡುವಂತೆ ಕೂತಿದ್ದಾಳೆ. ಅವಳ ಪ್ರಕಾರ ಕನ್ಹೇರಿ ಅಂದರೆ "ಕಾನು ಏರಿ". ನಮ್ಮ ಕಡೆ ದಟ್ಟ ಕಾಡಿಗೆ ಕಾನು ಅಂತಲೇ ಹೇಳುವುದು. ಹೌದಾ?

ಶಾಸನದ ಹುಚ್ಚ ಬರೆದದ್ದು:

ಇಲ್ಲ ಮೇಡಂ. ಅದು ಕೃಷ್ಣಗಿರಿ. ಪ್ರಾಕೃತದಲ್ಲಿ ಕನ್ಹ ಅಂದರೆ ಕಪ್ಪು. ಕಪ್ಪು ಕಲ್ಲಿನ ಗುಡ್ಡ, ಬಸಾಲ್ಟ್. ಆದರೆ ಆಯಿ ಹೇಳಿದ್ದು ಕೇಳಲು ಚೆನ್ನಾಗಿದೆ.

ಯೇವೂರ್ ಕಡೆಯವಳು ಬರೆದದ್ದು:

ಚಿರತೆಯ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ನಾವು ಠಾಣೆಯಲ್ಲಿ, ಇದೇ ಕಾಡಿನ ಇನ್ನೊಂದು ಅಂಚಿನಲ್ಲಿ ಇರುವವರು. ನಮ್ಮ ಸೊಸೈಟಿಯ ಸಿಸಿಟಿವಿಯಲ್ಲಿ ಎರಡು ಸಲ ಬಂದು ಹೋಗಿದೆ. ಗೇಟಿನ ವಾಚ್‌ಮನ್ನಿಗಿಂತ ಸರಿಯಾಗಿ ರೌಂಡ್ ಹಾಕುತ್ತದೆ.

ಈ ಕಾಡು ಸುಮಾರು 104 ಚದರ ಕಿಲೋಮೀಟರ್. ಅದರಲ್ಲಿ ಮತ್ತು ಸುತ್ತಮುತ್ತ ಇರುವ ಚಿರತೆಗಳು ಐವತ್ತರ ಆಸುಪಾಸು. ಆದರೆ ಹಾಡುಹಗಲು ಹತ್ತು ಜನರ ಗುಂಪಿಗೆ ಅದು ಕಾಣಿಸಿಕೊಳ್ಳುವುದೇ ಅಪರೂಪ. ಅದು ನಮ್ಮನ್ನು ನೋಡಿರುತ್ತದೆ, ನಾವು ನೋಡಿರುವುದಿಲ್ಲ. ಹುಷಾರಾಗಿ ಇರಬೇಕಾದ್ದು ಸಂಜೆ ಕತ್ತಲಾಗುವಾಗ, ರಾತ್ರಿ, ಮತ್ತು ಬೆಳಕು ಹರಿಯುವ ಮೊದಲು. ಆ ಹೊತ್ತಿನಲ್ಲಿ ಅದು ಕಾಡಿನ ಅಂಚಿಗೆ ಬರುವುದು. ಕಸ ಇದ್ದಲ್ಲಿ ಬೀದಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಅಂದರೆ ನಿಮ್ಮ ಗಂಡ ಹೆದರಬೇಕಾದ್ದು ಕಾಡಿನ ದಾರಿಗಲ್ಲ, ಬಿಲ್ಡಿಂಗಿನ ಹಿಂದಿನ ಕಸದ ರಾಶಿಗೆ.

ಮಕ್ಕಳಿದ್ದರೆ ನಡುವೆ ನಡೆಸಿ. ಗುಂಪು ಬಿಟ್ಟು ಒಬ್ಬರೇ ಪೊದೆಯ ಹತ್ತಿರ ಬಗ್ಗಿ ಕೂರಬೇಡಿ. ಕೂತ ಮನುಷ್ಯ ಅದಕ್ಕೆ ಮನುಷ್ಯನ ಹಾಗೆ ಕಾಣುವುದಿಲ್ಲ. ಅಪ್ಪಿತಪ್ಪಿ ಎದುರಾದರೆ ಓಡಬೇಡಿ, ಸುತ್ತುವರಿದು ಫೋಟೋ ತೆಗೆಯಲೂ ಹೋಗಬೇಡಿ, ನಿಧಾನ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ. ಇಷ್ಟೇ.

ಕಾನಮನೆ ಹುಡುಗಿ ಬರೆದದ್ದು, ಹನ್ನೊಂದು ದಿನದ ಮೇಲೆ:

ಹೋಗಿ ಬಂದೆವು! ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಶನಿವಾರ ಶಿಲೋಂಡಾಕ್ಕೆ ಅನುಮತಿ ಸಿಕ್ಕಿತು. ಗುಂಪಿನಲ್ಲಿ ಹನ್ನೆರಡು ಜನ, ಆಯಿಯೇ ಹಿರಿಯಳು. ಶೂ ವಿಷಯಕ್ಕೆ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. ಕೊನೆಗೆ ನನ್ನ ಮಗನ ಹಳೆಯ ಬಿಳಿ ಕ್ಯಾನ್ವಾಸ್ ಶೂ ಅವಳಿಗೆ ಸರಿಹೋಯಿತು. ಹತ್ತಿಸೀರೆ, ಮೇಲೆ ಕಾರ್ಡಿಗನ್, ಕಾಲಿಗೆ ಪೀಟಿ ಶೂ. ಕನ್ನಡಿ ನೋಡಿಕೊಂಡು, "ಡ್ರಿಲ್ ಮಾಸ್ತರು ಕಂಡಂಗೆ ಕಾಣ್ತಿ" ಅಂದಳು. ನಾನಾದರೋ ಆರು ವರ್ಷದ ಹಿಂದೆ ತೆಗೆದುಕೊಂಡು, ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದ್ದ ದುಬಾರಿ ಟ್ರೆಕ್ಕಿಂಗ್ ಶೂ ಹಾಕಿಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗೈಡ್ ಇಲ್ಲಿನ ಪಾಡಾದ, ಅಂದರೆ ಕಾಡಿನೊಳಗಿನ ಆದಿವಾಸಿ ಕೇರಿಯ, ವಾರ್ಲಿ ಹುಡುಗ. ಅವನಿಗೆ ಮರಾಠಿ, ಆಯಿಗೆ ಕನ್ನಡ, ನಡುವೆ ನಾನು. ಹತ್ತು ನಿಮಿಷಕ್ಕೆ ನನ್ನ ಅಗತ್ಯವೇ ಇಲ್ಲವಾಯಿತು. ಮೊಸಳೆಯ ಬೆನ್ನಿನ ಹಾಗೆ ಬಿರಿದ ತೊಗಟೆಯ ಮರದ ಮುಂದೆ ನಿಂತು ಅವನು "ಐನ್" ಅಂದ, ಇವಳು "ಮತ್ತಿ" ಅಂದಳು. ಅವನು "ಸಾಗ್", ಇವಳು "ಸಾಗವಾನಿ". ಎಲೆಯೆಲ್ಲ ಉದುರಿ, ಬೋಳು ಕೊಂಬೆಯ ತುಂಬ ಕೆಂಪು ಹೂ ಹೊತ್ತು ನಿಂತಿದ್ದ ಮರ ಅವನಿಗೆ "ಸಾವರ್", ಇವಳಿಗೆ "ಬೂರುಗ". "ಪಳಸ್" ಅಂದಾಗ ಮಾತ್ರ ಇವಳು ಕೈಯಲ್ಲಿ ಊಟದೆಲೆ ಹಚ್ಚುವುದನ್ನು ತೋರಿಸಿದಳು, ಅವನು ನಕ್ಕು ತಲೆಯಾಡಿಸಿದ. ಮುತ್ತುಗದ ಎಲೆಯ ಊಟ ಇಬ್ಬರೂ ಉಂಡವರೇ. ಬಿಳಿ ಕಾಂಡದ ಒಂದು ಮರ ಮಾತ್ರ ಆಯಿಗೆ ಗುರುತು ಹತ್ತಲಿಲ್ಲ. ಕಾಂಡೋಳ್ ಅಂತೆ. ಬಿಸಿಲಿಗೆ ಅದು ಸುಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು. ಹೆಸರನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು.

ದಾರಿಯುದ್ದಕ್ಕೂ ಕಾರ್ವಿ ಅನ್ನುವ ಗಿಡದ ಒಣಗಿದ ಕಡ್ಡಿಗಳು. 2024ರಲ್ಲಿ ಇಲ್ಲಿ ಗುಡ್ಡವೆಲ್ಲ ನೀಲಿ ಹೂವಾಗಿತ್ತಂತೆ. ಎಂಟು ವರ್ಷಕ್ಕೊಮ್ಮೆ ಹೂ, ಆಮೇಲೆ ಗಿಡ ಸಾಯುತ್ತದೆ. ಹಿಂದಿನದು 2016. ನಾನು ಎರಡೂ ಸಲ ಇದೇ ಊರಿನಲ್ಲಿದ್ದೆ, ಒಮ್ಮೆಯೂ ನೋಡಲಿಲ್ಲ. ಈ ಕಡ್ಡಿಗಳನ್ನು ಒತ್ತಾಗಿ ಕಟ್ಟಿ ಮಣ್ಣು ಸಗಣಿ ಮೆತ್ತಿದರೆ ಮನೆಯ ಗೋಡೆ, ತನ್ನ ಅಜ್ಜನ ಮನೆ ಹಾಗೇ ಇತ್ತು ಅಂತ ಗೈಡ್ ಹೇಳಿದ. ಆಯಿ ಕಡ್ಡಿ ಮುಟ್ಟಿ ನೋಡಿ, "ಮುಂದಿನ ಹೂವಿಗೆ ನಂಗೆ ಎಪ್ಪತ್ತೇಳು" ಅಂತ ಲೆಕ್ಕ ಹಾಕಿದಳು. ಟೀಚರ್ ಬುದ್ಧಿ, ಎಲ್ಲಿ ಹೋದರೂ ಕೂಡುವುದು ಕಳೆಯುವುದು.

ಅವಳಿಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಮರ ಅಲ್ಲ, ಹೊಳೆಯೂ ಅಲ್ಲ. ದರಕು! ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಒಣ ಎಲೆಯನ್ನು ಗುಡಿಸಿ ತರುತ್ತಾರೆ. ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಆಮೇಲೆ ಗೊಬ್ಬರ. ಚಳಿಗಾಲದಲ್ಲಿ ಅದೇ ಕೆಲಸ. ಇಲ್ಲಿ ನೋಡಿದರೆ ಕಣಕಾಲು ಮುಳುಗುವಷ್ಟು ತೇಗದ ಎಲೆ, ಹಪ್ಪಳದ ಹಾಗೆ ಸದ್ದು ಮಾಡುತ್ತಿದೆ. "ಇಷ್ಟು ದರಕು ಸುಮ್ಮನೆ ಬಿದ್ದಿದ್ದಲೇ, ಯಾರೂ ಗುಡಿಸ್ತ್ವಿಲ್ಯ?" ಅಂತ ಕೇಳಿದಳು. ನ್ಯಾಷನಲ್ ಪಾರ್ಕಿನಿಂದ ಒಂದು ಎಲೆಯನ್ನೂ ಒಯ್ಯುವ ಹಾಗಿಲ್ಲ ಅಂತ ಗೈಡ್ ಹೇಳಿದ್ದನ್ನು ಅನುವಾದ ಮಾಡಿದೆ. ಸ್ವಲ್ಪ ದೂರ ಮಾತಾಡದೆ ನಡೆದಳು. ಆಮೇಲೆ, "ಹಾಂಗಾರೆ ಇದು ಹುಟ್ಟಿದ ಕಾಡೇ" ಅಂದಳು. ಯಾವ ಲೆಕ್ಕದಲ್ಲಿ ಆ ತೀರ್ಮಾನಕ್ಕೆ ಬಂದಳೋ, ನಾನು ಕೇಳಲಿಲ್ಲ. ಮನೆಗೆ ಬಂದ ಮೇಲೆ ಓದಿದೆ. ಮುಂಬಯಿಯ ಕುಡಿಯುವ ನೀರಿಗೆ ವಿಹಾರ್ ಕೆರೆ 1860ರಲ್ಲಿ, ತುಳಸಿ ಕೆರೆ 1879ರಲ್ಲಿ ಆಯಿತು. ಆ ನೀರು ಕೆಡಬಾರದು ಅಂತ ಸುತ್ತಲಿನ ಕಾಡನ್ನು ಮುಟ್ಟದೆ ಉಳಿಸಿಕೊಂಡರು. ಊರಿನ ಬಾಯಾರಿಕೆಯೇ ಕಾಡನ್ನು ಕಾಯ್ದದ್ದು. ಆಯಿಗೆ ಹೇಳಿದೆ. "ಮತ್ತೆ, ನಮ್ಮಲ್ಲೂ ಕಾನು ಕಡಿದರೆ ಬಾವಿ ಬತ್ತುತ್ತು" ಅಂದಳು, ಅದೇನು ದೊಡ್ಡ ಸುದ್ದಿಯೇ ಅಲ್ಲ ಅನ್ನುವ ಹಾಗೆ.

ಈಗ ನನ್ನ ಶೂ ಕಥೆ. ಹೊಳೆ ದಾಟುವ ಜಾಗ. ನೀರು ಕಡಿಮೆ, ಅಲ್ಲಲ್ಲಿ ಗುಂಡಿ, ನಡುವೆ ಬೆಳ್ಳಗಿನ ಬಂಡೆ. ಆಯಿಯ ಕೈ ಹಿಡಿಯಲು ನಾನು ಮುಂದೆ ಹೋಗಿ ಕಲ್ಲಿನ ಮೇಲೆ ಕಾಲಿಟ್ಟೆ. ಕಾಲು ಬಂತು, ತಳ ಬರಲಿಲ್ಲ. ಬಲಗಾಲಿನ ಸೋಲು ಪೂರ್ತಿ ಕಿತ್ತು ಮೊಸಳೆ ಬಾಯಿಯ ಹಾಗೆ ತೆರೆದುಕೊಂಡಿತು. ಹತ್ತು ಹೆಜ್ಜೆಗೆ ಎಡಗಾಲಿನದೂ. ಹಿಡಿದು ನೋಡಿದರೆ ಒಳಗಿನ ಸ್ಪಂಜು ರವೆಯ ಹಾಗೆ ಉದುರುತ್ತಿದೆ. ಗುಂಪಿನವರು ಪಾಪ, ನಗು ತಡೆದುಕೊಂಡಿದ್ದರು. ಆಯಿ ತಡೆದುಕೊಳ್ಳಲಿಲ್ಲ. ಅವಲಕ್ಕಿ ಡಬ್ಬಿ ಸುತ್ತಿದ್ದ ಹಳೆಯ ಪಂಚೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಎರಡು ಪಟ್ಟಿ ಮಾಡಿ, ಹೊರೆ ಕಟ್ಟುವ ಗಂಟು ಹಾಕಿ ನನ್ನ ಎರಡೂ ಶೂ ಬಿಗಿದಳು. "ನಂಗೆಂತೂ ಆಗ್ತಿಲ್ಲೆ. ನೀ ನಿನ್ ಕಾಲು ನೋಡ್ಕ." ಮೊಣಕಾಲು ನೋವಿನವಳನ್ನು ಹುಷಾರಾಗಿ ಕರೆದುಕೊಂಡು ಹೋಗಲು ಬಂದವಳು ನಾನು!

ಆ ಗಂಟು ಬಿಚ್ಚಲಿಲ್ಲ. ಹೊರಗೆ ಬಂದಾಗ ಹನ್ನೊಂದು ಗಂಟೆ. ನಾನು ಮನೆಗೆ ಹೋಗೋಣ ಅಂದೆ. "ನೃಪತುಂಗನ್ನ ನೋಡದೇ?" ಅಂದಳು. ಮಾಮ, ನಿಮ್ಮ ಮಾತಿನ ಅರ್ಧವನ್ನೇ ಪಾಲಿಸಿದೆವು. ಎರಡೂ ದಾರಿಗೆ ಬಸ್ಸೇ. ದಾರಿಯಲ್ಲಿ ಪಾಡಾದ ಹೆಂಗಸರ ಹತ್ತಿರ ಬೋರೆ ಹಣ್ಣು, ಉಪ್ಪು ಖಾರ ಹಾಕಿದ ನೆಲ್ಲಿಕಾಯಿ ತೆಗೆದುಕೊಂಡೆವು. ನೆಲ್ಲಿಕಾಯನ್ನು ಮಂಗ ಒಯ್ದಿತು, ಅದಕ್ಕೂ ಹುಳಿ ಹಲ್ಲಿಗೆ ಹತ್ತಿರಬೇಕು, ಒಂದು ಕಚ್ಚಿ ಎಸೆದು ಹೋಯಿತು.

ಗುಹೆಯ ಮೆಟ್ಟಿಲಿಗೆ ಆ ಶೂ ಆಗಲಿಲ್ಲ. ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದೆ. ಕಲ್ಲು ಬೆಚ್ಚಗಿತ್ತು, ಹಿತವಾಗಿತ್ತು. ಹನ್ನೊಂದನೆಯ ಗುಹೆಯೊಳಗೆ ತಂಪು. ಉದ್ದಕ್ಕೂ ಎರಡು ಗಿಡ್ಡ ಕಲ್ಲಿನ ಬೆಂಚು, ನಮ್ಮ ಮಠದಲ್ಲಿ ಊಟದ ಪಂಕ್ತಿ ಕೂರಿಸುವ ಹಾಗೆ. ಆಯಿ ಒಂದರ ಅಂಚಿಗೆ ಕೂತಳು. ಶಾಸನದ ಅಕ್ಷರ ಒಂದೂ ತಿಳಿಯಲಿಲ್ಲ, ನಿಜ ಹೇಳುತ್ತೇನೆ. ನಾನು ಫೋನಿನಲ್ಲಿ ನೀವು ಬರೆದದ್ದನ್ನೇ ತೆಗೆದು ಓದಿದೆ. ಬಡ್ಡಿಯಲ್ಲಿ ಪುಸ್ತಕ ಕೊಳ್ಳಬೇಕು ಅನ್ನುವಲ್ಲಿ ತಡೆದು, ಮತ್ತೊಂದು ಸಲ ಓದಿಸಿದಳು. ಅವಳ ಶಾಲೆಯಲ್ಲಿ ಲೈಬ್ರರಿಗೆ ಅಂತ ಬರುತ್ತಿದ್ದ ದುಡ್ಡಿನಲ್ಲಿ ಒಂದು ವರ್ಷ ಬೆಂಚು ರಿಪೇರಿ, ಒಂದು ವರ್ಷ ಹೆಂಚು ರಿಪೇರಿ. ಪುಸ್ತಕಕ್ಕೆ ಉಳಿಯುತ್ತಲೇ ಇರಲಿಲ್ಲವಂತೆ. "ಇವನು ಎರಡನ್ನೂ ಬೇರೆ ಬೇರೆ ಬರೆಸಿದ್ದ, ಹುಷಾರಿದ್ದ" ಅಂದಳು.

ಮೊಣಕಾಲಿಗೆ ಆ ರಾತ್ರಿ ಎಣ್ಣೆ ಹಚ್ಚಿದ್ದು ನಿಜ. ಅವಳಿಗಲ್ಲ, ನನಗೆ.

ದಹಿಸರ್ ಮಾಮ ಬರೆದದ್ದು:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಮುಂದಿನ ಸಲ ಬಂದಾಗ ನಮ್ಮ ಹೋಟೆಲಿಗೆ ಕರೆದುಕೊಂಡು ಬನ್ನಿ, ಬಿಸಿ ಬನ್ಸ್ ನನ್ನ ಲೆಕ್ಕ. ಶೂ ಎಸೆಯಬೇಡಿ. ಬೊರಿವಲಿ ಸ್ಟೇಷನ್ ಹೊರಗೆ ಚಮ್ಮಾರರು ಕೂರುತ್ತಾರೆ, ಹೊಸ ತಳ ಹೊಲಿದು ಕೊಡುತ್ತಾರೆ. ಬರೀ ಅಂಟು ಹಾಕಿಸಬೇಡಿ, ಸುತ್ತಲೂ ಹೊಲಿಗೆ ಹಾಕಿಸಿ.

ಪುಣೆ ಪಾಂಡು ಬರೆದದ್ದು:

ರವೆಯ ಹಾಗೆ ಉದುರಿತು ಅಂದಿರಲ್ಲ, ಅದು ಅಂಟಿನ ತಪ್ಪಲ್ಲ. ಆ ಸ್ಪಂಜು ಪಾಲಿಯುರೆಥೇನ್. ಗಾಳಿಯ ತೇವ ಸೇರಿ ಸೇರಿ ಒಳಗಿಂದಲೇ ಪುಡಿಯಾಗುತ್ತದೆ. ತಮಾಷೆ ಏನೆಂದರೆ, ಹಾಕಿಕೊಂಡು ತಿರುಗುತ್ತಿದ್ದರೆ ಜಾಸ್ತಿ ದಿನ ಬರುತ್ತದೆ, ಡಬ್ಬದಲ್ಲಿ ಜೋಪಾನ ಮಾಡಿದರೆ ಬೇಗ ಹಾಳು. ಮುಂಬಯಿ ತೇವಕ್ಕೆ ಆರು ವರ್ಷ ತಡೆದದ್ದೇ ದೊಡ್ಡದು. ಹೊರಡುವ ಹಿಂದಿನ ದಿನ ತಳವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ, ಎರಡೂ ಕಡೆಗೆ ಬಗ್ಗಿಸಿ ನೋಡಬೇಕು. ಬಿರುಕು ಕಂಡರೆ ಚಮ್ಮಾರನ ಹತ್ತಿರ, ಕಾಡಿಗಲ್ಲ.

ಕಾನಮನೆ ಹುಡುಗಿ ಬರೆದದ್ದು:

ಆರು ವರ್ಷದಲ್ಲಿ ಮೂರು ಸಲ ಹಾಕಿದ್ದೆ ಪಾಂಡು. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಎಷ್ಟಾಯಿತು ಅಂತ ಗಂಡನಿಗೆ ಹೇಳಿಲ್ಲ.

ಆಯಿ ಗುರುವಾರ ಊರಿಗೆ ಹೊರಡುತ್ತಾಳೆ. ಚೀಲ ತುಂಬುವಾಗ ನೋಡಿದೆ, ಬಿಳಿ ಶೂ ತೊಳೆದು, ಒಣಗಿಸಿ, ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಾಳೆ. ಮೊಮ್ಮಗನದು ಅಲ್ವಾ ಅಂದೆ. ಬೆಟ್ಟಕ್ಕೆ ದರಕು ಗುಡಿಸಲು ಹೋಗುವಾಗ ಬೇಕಂತೆ.